ನಾಯಿಗೆ ಹಣ್ಣು ಕೊಡೋದು ಹೇಗೆ? ಯಾವುದು, ಎಷ್ಟು, ಯಾವುದು ಬೇಡವೇ ಬೇಡ

ಏಪ್ರಿಲ್ ಬಂತೆಂದರೆ ಮುಂಬೈಯ ಎಷ್ಟೋ ಮನೆಗಳಲ್ಲಿ ಮಂಚದ ಕೆಳಗೆ ಹುಲ್ಲು ಹಾಸಿದ ಆಪೂಸ್ ಮಾವಿನ ಪೆಟ್ಟಿಗೆ ಬಂದು ಕೂರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಹಣ್ಣು ಮಾಗಿದ್ದು ನಮಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ. ಹಣ್ಣು ಹೆಚ್ಚಲು ಕೂತರೆ ಪಕ್ಕಕ್ಕೆ ಬಂದು ಕೂರುತ್ತದೆ, ಜೊಲ್ಲು ಸುರಿಸುತ್ತದೆ, ಪಂಜ ಎತ್ತಿ ನಮ್ಮ ಮೊಣಕಾಲ ಮೇಲೆ ಇಡುತ್ತದೆ, ಆಗ ಒಂದು ಹೋಳು ಕೊಡದೇ ಇರಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಕೊಡಿ, ತಪ್ಪೇನಿಲ್ಲ. ಸಿಪ್ಪೆ, ವಾಟೆ ತೆಗೆದು, ಅಳತೆ ನೋಡಿ ಕೊಡಿ.

ಅದಕ್ಕಿಂತ ಮುಖ್ಯ, ಕೊಡಬಾರದ ಹಣ್ಣು ಅದರ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ನಾವೇ ಕತ್ತರಿಸಿ ಕೈಯಾರೆ ಕೊಟ್ಟ ಮಾವಿನ ಹೋಳಿನಿಂದ ನಾಯಿ ಆಸ್ಪತ್ರೆ ಸೇರುವುದು ಅಪರೂಪ. ಸೋಫಾ ಕೆಳಗೆ ಉರುಳಿದ ದ್ರಾಕ್ಷಿ, ಪ್ರಸಾದದ ಶೀರಾದಲ್ಲಿದ್ದ ಒಣದ್ರಾಕ್ಷಿ, ಕಸದ ಬುಟ್ಟಿಯಿಂದ ಎಳೆದುಕೊಂಡ ವಾಟೆ, ಇವೇ ಅದನ್ನು ಡ್ರಿಪ್ ಹಾಕಿಸಿಕೊಳ್ಳುವ ಸ್ಥಿತಿಗೆ ತರುವುದು. ಹಾಗಾಗಿ ಈ ಬರಹದಲ್ಲಿ ಕೊಡುವ ಹಣ್ಣಿನ ಬಗ್ಗೆ ಎಷ್ಟು ಹೇಳುತ್ತೇನೋ, ಸಿಗಬಾರದ ಹಣ್ಣಿನ ಬಗ್ಗೆಯೂ ಅಷ್ಟೇ ಹೇಳುತ್ತೇನೆ.

ಎಷ್ಟು ಕೊಡಬಹುದು

ನಾಯಿಗೆ ಹಣ್ಣು ಬೇಕೇ ಬೇಕು ಅಂತೇನಿಲ್ಲ. ವಿಟಮಿನ್ ಸಿ ನಮಗೆ ಊಟದಿಂದಲೇ ಸಿಗಬೇಕು, ಆರೋಗ್ಯವಾಗಿರುವ ನಾಯಿಯ ಲಿವರ್ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಒಳ್ಳೆಯ ಡಾಗ್ ಫುಡ್ ತಿನ್ನುವ ನಾಯಿಗೆ ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ. ಹಣ್ಣು ಅದಕ್ಕೆ ಬರೀ ಖುಷಿಗೆ. ಎಣ್ಣೆ, ಉಪ್ಪು, ಸಕ್ಕರೆ ಹಾಕಿದ ಬಿಸ್ಕತ್ತು ಕೊಡುವುದಕ್ಕಿಂತ ಒಂದು ಹೋಳು ಪಪ್ಪಾಯಿ ಕೊಡುವುದು ಎಷ್ಟೋ ವಾಸಿ, ಅಷ್ಟೇ. ಊಟದ ಬದಲು ಹಣ್ಣು ಅಂತ ಯಾವತ್ತೂ ಆಗಬಾರದು. ಏಕಾದಶಿ ಅಂತ ನಾವು ಫಲಾಹಾರ ಮಾಡಿದ ದಿನವೂ ನಾಯಿಗೆ ಅದರ ಊಟವೇ ಆಗಬೇಕು.

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ದಿನಕ್ಕೆ ಬೇಕಾದ ಒಟ್ಟು ಕ್ಯಾಲರಿಯಲ್ಲಿ ಊಟ ಬಿಟ್ಟು ಮೇಲಿನ ತಿಂಡಿ ಎಲ್ಲ ಸೇರಿ 10 ಶೇಕಡ ದಾಟಬಾರದು. ಎಲ್ಲ ಅಂದರೆ ಹಣ್ಣು, ಬಿಸ್ಕತ್ತು, ಚಪಾತಿ ತುಂಡು, ಟ್ರೀಟ್, ವಾಚ್‌ಮ್ಯಾನ್ ಅಣ್ಣ ಕೆಳಗೆ ಕೊಡುವ ಪಾರ್ಲೆ, ಎಲ್ಲವೂ.

ನಿಮ್ಮ ನಾಯಿಯ ಲೆಕ್ಕ ನೀವೇ ಹಾಕಬಹುದು. ಅದರ ತೂಕವನ್ನು ಕಿಲೋದಲ್ಲಿ ಬರೆದುಕೊಳ್ಳಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಇನ್ನೊಂದು ಸಲ ಗುಣಿಸಿ. ಬಂದದ್ದಕ್ಕೆ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲ ತೆಗೆಯಿರಿ, ಬಂದ ಉತ್ತರಕ್ಕೆ ಮತ್ತೊಮ್ಮೆ ವರ್ಗಮೂಲ ತೆಗೆಯಿರಿ. ಅದನ್ನು 70ರಿಂದ ಗುಣಿಸಿದರೆ ನಾಯಿ ಸುಮ್ನೆ ಮಲಗಿದ್ದರೂ ಬೇಕಾಗುವ ಕ್ಯಾಲರಿ ಸಿಗುತ್ತದೆ. ಮಕ್ಕಳಾಗದ ಹಾಗೆ ಆಪರೇಷನ್ ಆಗಿರುವ, ದಿನಕ್ಕೆರಡು ಸಲ ವಾಕಿಂಗ್ ಹೋಗುವ ಬೆಳೆದ ನಾಯಿಗೆ ಇದನ್ನು 1.6ರಿಂದ ಗುಣಿಸಬೇಕು. 10 ಕಿಲೋ ನಾಯಿಗೆ ಹೀಗೆ ಮಾಡಿದರೆ ಸುಮಾರು 630 ಬರುತ್ತದೆ. ಅದರ 10 ಶೇಕಡ ಅಂದರೆ 60 ಚಿಲ್ಲರೆ. 5 ಕಿಲೋದ ಪೊಮೇರಿಯನ್‌ಗೆ 35ರ ಆಸುಪಾಸು, 20 ಕಿಲೋದ ಇಂಡಿಗೆ, ಅಂದರೆ ನಮ್ಮ ದೇಸಿ ನಾಯಿಗೆ ನೂರರ ಸುತ್ತಮುತ್ತ, 30 ಕಿಲೋದ ಲ್ಯಾಬ್‌ಗೆ, ಅಂದರೆ ಲ್ಯಾಬ್ರಡಾರ್‌ಗೆ 140.

ಈಗ ಹಣ್ಣಿನ ಕಡೆ ನೋಡಿ. 100 ಗ್ರಾಂ ಕಲ್ಲಂಗಡಿಯಲ್ಲಿ ಸುಮಾರು 30 ಕ್ಯಾಲರಿ, ಸ್ಟ್ರಾಬೆರಿಯಲ್ಲಿ 32, ಪಪ್ಪಾಯಿಯಲ್ಲಿ 43, ಅನಾನಸ್‌ನಲ್ಲಿ 50, ಸೇಬಿನಲ್ಲಿ 52, ಮಾವಿನಲ್ಲಿ 60, ಸೀಬೆಯಲ್ಲಿ 68, ಚಿಕ್ಕುವಿನಲ್ಲಿ 83, ಬಾಳೆಹಣ್ಣಿನಲ್ಲಿ 89. ಅಂದರೆ ಸಾಧಾರಣ ಗಾತ್ರದ ಒಂದು ಬಾಳೆಹಣ್ಣು ಇಡೀ ಕೊಟ್ಟರೆ 10 ಕಿಲೋ ನಾಯಿಯ ಆ ದಿನದ ಪಾಲು ಮುಗಿದು, ಮೇಲೆ ಅದರ ಅರ್ಧಕ್ಕಿಂತ ಜಾಸ್ತಿಯೇ ಹೆಚ್ಚಾಯಿತು. ನನ್ನ ಸಲಹೆ ಕೇಳಿದರೆ 10 ಶೇಕಡವನ್ನೂ ಹಣ್ಣಿಗೇ ಕೊಡಬೇಡಿ. ಅರ್ಧ ಸಾಕು. 10 ಕಿಲೋ ನಾಯಿಗೆ 50 ಗ್ರಾಂ ಮಾವು, ಇಲ್ಲವೇ 100 ಗ್ರಾಂ ಕಲ್ಲಂಗಡಿ, ಇಲ್ಲವೇ ಬಾಳೆಹಣ್ಣಿನ ಮೂರರಲ್ಲಿ ಒಂದು ಪಾಲು. ವಾರದಲ್ಲಿ ಎರಡು ಮೂರು ದಿನ. ಫ್ಲ್ಯಾಟಿನಲ್ಲಿ ಬೆಳೆದ ನಾಯಿಗಳಿಗೆ ಓಡಾಟ ಕಡಿಮೆ, ತೂಕ ಬೇಗ ಏರುತ್ತದೆ. ಏರಿದ ತೂಕ ಇಳಿಸುವುದು ಬಹಳ ಕಷ್ಟ.

ಸಕ್ಕರೆ ಕಾಯಿಲೆ ಇರುವ ನಾಯಿ, ಪ್ಯಾಂಕ್ರಿಯಾಸ್ ತೊಂದರೆ ಒಮ್ಮೆ ಬಂದುಹೋದ ನಾಯಿ, ಕಿಡ್ನಿ ಅಥವಾ ಹೃದಯದ ಔಷಧಿ ನಡೆಯುತ್ತಿರುವ ನಾಯಿ, ಇವಕ್ಕೆ ಡಾಕ್ಟರನ್ನು ಕೇಳದೆ ಒಂದು ಹೋಳೂ ಬೇಡ. ಬಾಳೆಹಣ್ಣು, ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಸರಿಯಿಲ್ಲದ ನಾಯಿಗೆ ಅದು ಅಪಾಯ. ಹಾಲು ಬಿಡದ ಮರಿಗಳಿಗೆ ಹಣ್ಣಿನ ಮಾತೇ ಇಲ್ಲ.

ಹೊಸ ಹಣ್ಣು ಶುರು ಮಾಡುವಾಗ

ಒಂದು ಸಲಕ್ಕೆ ಒಂದೇ ಹಣ್ಣು. ಮೊದಲ ದಿನ ಕಡಲೆಕಾಳಿನಷ್ಟು ಕೊಟ್ಟು ಬಿಡಿ. ಮರುದಿನ ವಾಕಿಂಗ್ ಹೋದಾಗ ಅದು ಹೊರಕಡೆ ಹೋಗಿದ್ದನ್ನು ನೋಡಿ. ಗಟ್ಟಿಯಾಗಿದ್ದರೆ ಸರಿ. ನೀರಾಗಿದ್ದರೆ, ಲೋಳೆ ಬಂದಿದ್ದರೆ, ಮೈ ಕೆರೆದುಕೊಳ್ಳುತ್ತಿದ್ದರೆ, ತುಟಿ ಊದಿದ್ದರೆ ಆ ಹಣ್ಣು ಅದಕ್ಕೆ ಆಗುವುದಿಲ್ಲ. ಎರಡು ಮೂರು ಹಣ್ಣು ಒಟ್ಟಿಗೆ ಕೊಟ್ಟರೆ ಯಾವುದರಿಂದ ಹೊಟ್ಟೆ ಕೆಟ್ಟಿತು ಅಂತ ಗೊತ್ತಾಗುವುದೇ ಇಲ್ಲ.

ಹಣ್ಣನ್ನು ಚೆನ್ನಾಗಿ ತೊಳೆಯಿರಿ. ಮಾವು, ಬಾಳೆ ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸಬಾರದು ಎಂದು ಕಾನೂನೇ ಇದೆ, ಆದರೂ ಅಲ್ಲಿ ಇಲ್ಲಿ ಬಳಸುತ್ತಾರೆ. ಮಾವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿಸಿಟ್ಟು, ಉಜ್ಜಿ ತೊಳೆದು, ಸಿಪ್ಪೆ ತೆಗೆದು ಕೊಟ್ಟರೆ ನಮಗೂ ಒಳ್ಳೆಯದು, ಅದಕ್ಕೂ ಒಳ್ಳೆಯದು.

ಹೋಳಿನ ಗಾತ್ರ ಬಹಳ ಮುಖ್ಯ. ನಾಯಿ ನಮ್ಮ ಹಾಗೆ ಅಗಿದು ತಿನ್ನುವುದಿಲ್ಲ, ನುಂಗುತ್ತದೆ. ಅದರಲ್ಲೂ ಮನೆಯಲ್ಲಿ ಎರಡು ನಾಯಿ ಇದ್ದರೆ ಒಂದರ ಮುಂದೆ ಇನ್ನೊಂದು ಪೈಪೋಟಿಯಲ್ಲಿ ನುಂಗುತ್ತದೆ. ಶಿತ್ಸು, ಪಗ್ ತರದ ಚಿಕ್ಕ ನಾಯಿಗೆ ಶೇಂಗಾ ಬೀಜದಷ್ಟು, ದೊಡ್ಡ ನಾಯಿಗೆ ಹೆಬ್ಬೆರಳ ಉಗುರಿನಷ್ಟು. ಸೇಬು, ಸೀಬೆಯಂತಹ ಗಟ್ಟಿ ಹಣ್ಣನ್ನು ಇನ್ನೂ ತೆಳ್ಳಗೆ ಹೆಚ್ಚಿ. ಒಂದೊಂದೇ ಹೋಳು ಕೈಯಿಂದ ಕೊಡಿ, ಕೂತುಕೊಳ್ಳಲು ಹೇಳಿ, ಕೂತ ಮೇಲೆ ಕೊಡಿ. ಅದೇ ಒಂದು ತರಬೇತಿಯೂ ಆಗುತ್ತದೆ, ಎಷ್ಟು ಹೋಯಿತು ಅಂತ ಲೆಕ್ಕವೂ ಇರುತ್ತದೆ.

ಮಾವು, ಸ್ವಲ್ಪ ವಿವರವಾಗಿ

ನಮ್ಮ ಮನೆಗಳಲ್ಲಿ ಹೆಚ್ಚು ಓಡಾಡುವ ಹಣ್ಣು ಇದೇ, ಹೆಚ್ಚು ಎಡವಟ್ಟಾಗುವುದೂ ಇದರಲ್ಲೇ. ತಿರುಳಿನಿಂದ ತೊಂದರೆಯಿಲ್ಲ. ಆದರೆ ಸಿಪ್ಪೆ ಮತ್ತು ತೊಟ್ಟಿನ ಬಳಿಯ ಸೊನೆಯಲ್ಲಿ ಉರುಶಿಯಾಲ್ ಜಾತಿಯ ರಾಸಾಯನಿಕ ಇರುತ್ತದೆ. ಕೆಲವರಿಗೆ ಮಾವಿನ ಸೊನೆ ತಾಗಿದರೆ ತುಟಿ ಸುಟ್ಟ ಹಾಗೆ ಆಗುತ್ತದಲ್ಲ, ಕಾರಣ ಅದೇ. ಜೊತೆಗೆ ಸಿಪ್ಪೆ ಸರಿಯಾಗಿ ಅರಗುವುದಿಲ್ಲ.

ಹೀಗೆ ಮಾಡಿ. ತೊಟ್ಟಿನ ಭಾಗವನ್ನು ಒಂದು ಬೆರಳು ಅಗಲ ಕತ್ತರಿಸಿ ಎಸೆಯಿರಿ. ಹಣ್ಣನ್ನು ನೆಟ್ಟಗೆ ನಿಲ್ಲಿಸಿ ವಾಟೆಯ ಎರಡೂ ಪಕ್ಕದಿಂದ ಕೆನ್ನೆಯಂತಹ ಹೋಳು ತೆಗೆಯಿರಿ. ಆ ಹೋಳಿನ ಒಳಗೆ ಚಾಕುವಿನಿಂದ ಅಡ್ಡ ಉದ್ದ ಗೀರಿ, ಸಿಪ್ಪೆ ಹರಿಯದ ಹಾಗೆ. ಆಮೇಲೆ ಚಮಚದಿಂದ ಚೌಕ ತುಂಡುಗಳನ್ನು ಎಬ್ಬಿಸಿ. ಸಿಪ್ಪೆಗೆ ಅಂಟಿದ ಕೊನೆಯ ಪದರ ಸಿಪ್ಪೆಯಲ್ಲೇ ಉಳಿಯಲಿ, ಅದನ್ನು ಕೆರೆಯಬೇಡಿ. ನಾಯಿಯ ಪಾಲು ಬಟ್ಟಲಿಗೆ ಹಾಕಿ. ವಾಟೆ ಮತ್ತು ಸಿಪ್ಪೆ ಅಲ್ಲೇ, ಆಗಲೇ, ಮುಚ್ಚಳ ಇರುವ ಡಬ್ಬಿಗೆ ಹೋಗಬೇಕು. "ಆಮೇಲೆ ತೆಗೆಯೋಣ" ಅಂತ ತಟ್ಟೆಯಲ್ಲಿ ಬಿಟ್ಟು ಬಾಗಿಲು ತೆರೆಯಲು ಎದ್ದರೆ ಸಾಕು, ವಾಟೆ ಮಾಯ.

ವಾಟೆ ಯಾಕೆ ಇಷ್ಟು ಅಪಾಯ ಅಂದರೆ, ಅದು ಚಪ್ಪಟೆ, ಜಾರುತ್ತದೆ, ಮೇಲೆಲ್ಲ ನಾರು. ಲ್ಯಾಬ್ ತರದ ನಾಯಿ ಅದನ್ನು ಚೀಪುತ್ತಾ ಚೀಪುತ್ತಾ ಒಂದೇ ಸಲಕ್ಕೆ ನುಂಗಿಬಿಡುತ್ತದೆ. ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ಸಣ್ಣ ಕರುಳಿಗೆ ಇಳಿದು ಸಿಕ್ಕಿಹಾಕಿಕೊಂಡರೆ ಮುಂದೆ ಏನೂ ಹೋಗುವುದಿಲ್ಲ, ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ. ಕೆಲವು ಸಲ ನುಂಗಿದ ದಿನ ಏನೂ ಗೊತ್ತಾಗುವುದಿಲ್ಲ, ವಾಟೆ ಹೊಟ್ಟೆಯಲ್ಲೇ ದಿನಗಟ್ಟಲೆ ಕೂತಿದ್ದು ಆಮೇಲೆ ತೊಂದರೆ ಶುರುವಾಗುತ್ತದೆ. ಪದೇ ಪದೇ ವಾಂತಿ, ನೀರು ಕುಡಿದರೂ ವಾಂತಿ, ಊಟ ಬೇಡ, ಹೊಟ್ಟೆ ಮುಟ್ಟಿದರೆ ನೋವು, ಹೊರಕಡೆ ಹೋಗದೇ ಇರುವುದು, ಇಷ್ಟರಲ್ಲಿ ಯಾವುದು ಕಂಡರೂ ಎಕ್ಸ್‌ರೇ ಅಥವಾ ಸ್ಕ್ಯಾನ್ ಆಗಲೇಬೇಕು. ವಾಟೆ ನುಂಗಿದ್ದು ಕಣ್ಣಾರೆ ಕಂಡಿದ್ದರೆ ಲಕ್ಷಣಕ್ಕಾಗಿ ಕಾಯಲೇಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ, ಮೇಲೆ ಬರುವಾಗ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು.

ಮಾವಿನ ಸೀಕರಣೆ, ಆಮ್‌ರಸ್ ಕೊಡಬೇಡಿ. ಅದರಲ್ಲಿ ಸಕ್ಕರೆ ಇದೆ, ಹಾಲು ಇದೆ, ಕೆಲವರು ಜಾಯಿಕಾಯಿ ತುರಿದು ಹಾಕುತ್ತಾರೆ. ಜಾಯಿಕಾಯಿ ನಾಯಿಗೆ ಒಳ್ಳೆಯದಲ್ಲ. ಉಪ್ಪಿನಕಾಯಿಯ ಹೋಳು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಚಾಟ್ ಮಸಾಲ ಉದುರಿಸಿದ ಫ್ರೂಟ್ ಪ್ಲೇಟ್ ಕೂಡ ಅಷ್ಟೇ. ನಾಯಿಗೆ ಹಣ್ಣು ಅಂದರೆ ಬರೀ ಹಣ್ಣು.

ಉಳಿದ ಹಣ್ಣುಗಳು

ಕಲ್ಲಂಗಡಿ ನನ್ನ ಮೊದಲ ಆಯ್ಕೆ. ಹೆಚ್ಚುಕಡಿಮೆ 92 ಶೇಕಡ ನೀರು, ಕ್ಯಾಲರಿ ಕಡಿಮೆ, ಮೇ ತಿಂಗಳ ಸೆಖೆಗೆ ಹೇಳಿ ಮಾಡಿಸಿದ್ದು. ಬೀಜ ತೆಗೆಯಿರಿ, ಹಸಿರು ಸಿಪ್ಪೆ ಕೊಡಬೇಡಿ. ಸಣ್ಣ ತುಂಡು ಮಾಡಿ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ನಾಯಿಗಳಿಗೆ ಬಹಳ ಇಷ್ಟ. ಆದರೆ ಕಲ್ಲಿನಂತೆ ಗಟ್ಟಿಯಾದದ್ದನ್ನು ಕೊಡಬೇಡಿ, ಎರಡು ನಿಮಿಷ ಹೊರಗಿಟ್ಟು ಮೆತ್ತಗಾದ ಮೇಲೆ ಕೊಡಿ. ಬೀದಿ ನಾಯಿಗಳಿಗೆ ಊಟ ಹಾಕುವವರು ಬೇಸಿಗೆಯಲ್ಲಿ ಉಳಿದ ಕಲ್ಲಂಗಡಿ ಸಿಪ್ಪೆ ರಾಶಿ ಹಾಕುವುದು ನೋಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಅದರ ಬದಲು ಒಂದು ಅಗಲದ ಮಣ್ಣಿನ ಪಾತ್ರೆಯಲ್ಲಿ ತಣ್ಣನೆ ನೀರಿಟ್ಟು ದಿನಾ ಬದಲಿಸಿದರೆ ಅವಕ್ಕೆ ಹೆಚ್ಚು ಉಪಕಾರ.

ಪಪ್ಪಾಯಿ ಚೆನ್ನಾಗಿ ಹಣ್ಣಾಗಿರಬೇಕು, ಕಪ್ಪು ಬೀಜ ಒಂದೂ ಬಿಡದೆ ಕೆರೆದು ತೆಗೆಯಬೇಕು. ಜಾಸ್ತಿ ತಿಂದರೆ ಭೇದಿ ಗ್ಯಾರಂಟಿ. ಸೇಬಿನ ಬೀಜದಲ್ಲಿ ಅಮಿಗ್ಡಾಲಿನ್ ಇದೆ, ಅಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಒಂದೆರಡು ಬೀಜ ಆಕಸ್ಮಾತ್ ಹೋದರೆ ಗಾಬರಿ ಬೇಡ, ಆದರೆ ನಡುವಿನ ಗಟ್ಟಿ ಭಾಗ ಸಮೇತ ತೆಗೆದೇ ಕೊಡಿ. ಸೀಬೆಯ ಬೀಜ ವಿಷವಲ್ಲ, ಗಟ್ಟಿ. ತಿರುಳು ಮಾತ್ರ ಕೊಡಿ. ಮಹಾಬಳೇಶ್ವರದ ಸ್ಟ್ರಾಬೆರಿ ಚಳಿಗಾಲದಲ್ಲಿ ದಾದರ್, ಮಾಟುಂಗಾ ಮಾರ್ಕೆಟ್ ತುಂಬ ಇರುತ್ತದೆ, ಎಲೆ ಕಿತ್ತು, ತೊಳೆದು, ನಾಲ್ಕು ತುಂಡು ಮಾಡಿ ಕೊಡಬಹುದು. ಕ್ರೀಮ್ ಹಾಕಿದ್ದು ಬೇಡ. ಅನಾನಸ್ ಸಿಪ್ಪೆ, ಮುಳ್ಳು, ನಡುವಿನ ದಿಂಡು ತೆಗೆದು ಎರಡು ಮೂರು ಚೂರು ಸಾಕು.

ಬಾಳೆಹಣ್ಣು ಮಾತ್ರೆ ನುಂಗಿಸಲು ಬಲು ಅನುಕೂಲ. ಏಲಕ್ಕಿ ಬಾಳೆಯ ಒಂದು ತುಂಡಿನಲ್ಲಿ ಸೀಳು ಮಾಡಿ ಮಾತ್ರೆ ಒಳಗಿಟ್ಟು, ಮೊದಲು ಮಾತ್ರೆಯಿಲ್ಲದ ತುಂಡು, ಆಮೇಲೆ ಮಾತ್ರೆಯಿರುವ ತುಂಡು, ತಕ್ಷಣ ಇನ್ನೊಂದು ಖಾಲಿ ತುಂಡು ಹೀಗೆ ಬೇಗ ಬೇಗ ಕೊಟ್ಟರೆ ಮೂಸಿ ನೋಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಖಾಲಿ ಹೊಟ್ಟೆಗೇ ಕೊಡಬೇಕಾದ ಮಾತ್ರೆಯಾ ಅಂತ ಮಾತ್ರ ಡಾಕ್ಟರನ್ನು ಕೇಳಿಕೊಳ್ಳಿ.

ಡಹಾಣು ಘೋಲ್‌ವಡದ ಚಿಕ್ಕು ಚೆನ್ನಾಗಿರುತ್ತದೆ, ಆದರೆ ಸಿಹಿ ಜಾಸ್ತಿ, ಬೀಜ ಕೆಟ್ಟದ್ದು. ಬೀಜವನ್ನು ಕೈಯಲ್ಲಿ ಹಿಡಿದು ನೋಡಿ, ಕಪ್ಪಗೆ ಹೊಳೆಯುವ ಚಪ್ಪಟೆ ಬೀಜದ ಒಂದು ತುದಿಯಲ್ಲಿ ಸಣ್ಣ ಕೊಕ್ಕೆ ಇರುತ್ತದೆ. ಗಂಟಲಲ್ಲಿ ಕಚ್ಚಿಕೊಳ್ಳಲು ಅಷ್ಟು ಸಾಕು. ಬೀಜ ಎಣಿಸಿ ತೆಗೆದು, ತಿರುಳನ್ನು ಬೆರಳಿನಿಂದ ಹಿಸುಕಿ ನೋಡಿ, ಒಂದು ಚಮಚ ಕೊಡಿ, ಸಾಕು.

ಸೀತಾಫಲ ಬೇಡ ಅನ್ನುತ್ತೇನೆ. ತಿರುಳು ಅಪಾಯವಲ್ಲ, ಬೀಜ ವಿಷ, ಮತ್ತು ಪ್ರತಿ ಎಸಳಿನಲ್ಲೂ ಬೀಜ. ಪುರಂದರದ ಸೀತಾಫಲ ಬಂದಾಗ ನಾವು ಬೀಜ ಉಗುಳುತ್ತಾ ತಿನ್ನುವ ತಟ್ಟೆಯೂ ನಾಯಿಗೆ ಸಿಗಬಾರದು. ದಾಳಿಂಬೆಯ ಬೀಜ ಎಷ್ಟೋ ನಾಯಿಗಳಿಗೆ ವಾಂತಿ ತರುತ್ತದೆ, ಬಿಟ್ಟುಬಿಡಿ. ಕಿತ್ತಳೆ, ಮೋಸಂಬಿಯ ಒಂದೆರಡು ಎಸಳು ಪರವಾಗಿಲ್ಲ, ಸಿಪ್ಪೆ ಮತ್ತು ಬೀಜ ಬೇಡ, ಲಿಂಬೆ ಬೇಡವೇ ಬೇಡ. ಬೆಣ್ಣೆಹಣ್ಣಿನಲ್ಲಿ ಕೊಬ್ಬು ಜಾಸ್ತಿ, ಬೀಜ ದೊಡ್ಡದು, ಸಿಪ್ಪೆ ಎಲೆಗಳಲ್ಲಿ ಪರ್ಸಿನ್ ಎನ್ನುವ ವಿಷದ ಅಂಶ ಇದೆ, ಯಾಕೆ ಬೇಕು ಸುಮ್ನೆ. ಗೋವಾ ಕಡೆ ಮನೆ ಇರುವವರು ಗೇರುಬೀಜದ ಸಿಪ್ಪೆಯ ಎಣ್ಣೆಯ ಬಗ್ಗೆ ಎಚ್ಚರ ಇಡಿ, ಹಸಿ ಗೇರುಬೀಜ ಕಚ್ಚಿದರೆ ನಾಯಿಯ ಬಾಯಿ ಸುಟ್ಟುಹೋಗುತ್ತದೆ. ಧಾರೆಹುಳಿ, ಅಂದರೆ ಕಮರಾಕ್ಷಿಯಲ್ಲಿ ಆಕ್ಸಲೇಟ್ ಇದೆ, ಕಿಡ್ನಿಗೆ ಕೆಟ್ಟದ್ದು.

ಜೂನ್‌ನಲ್ಲಿ ಸೊಸೈಟಿ ಕಾಂಪೌಂಡಿನ ನೇರಳೆ ಮರದ ಕೆಳಗೆ ನೆಲವೆಲ್ಲ ನೇರಳೆ ಬಣ್ಣ ಆಗಿರುತ್ತದಲ್ಲ, ಆಗ ಪಟ್ಟಿ ಬಿಗಿಯಾಗಿ ಹಿಡಿಯಿರಿ. ಬಿದ್ದ ಹಣ್ಣು ಬೀಜ ಸಮೇತ ನುಂಗುತ್ತವೆ. ಮಳೆಗೆ ಕೊಳೆತು ಹುಳಿ ಬಂದ ಹಣ್ಣಿನಲ್ಲಿ ಮದ್ಯಸಾರ ಆಗಿರುತ್ತದೆ, ಅದು ನಾಯಿಗೆ ಇನ್ನೂ ಕೆಟ್ಟದ್ದು.

ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ.

ದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ಬಿಳಿ ದ್ರಾಕ್ಷಿ, ಕಪ್ಪು ದ್ರಾಕ್ಷಿ, ಬೀಜ ಇದ್ದದ್ದು, ಇಲ್ಲದ್ದು, ಸಾವಯವ, ಯಾವುದೂ ಬೇರೆಯಲ್ಲ. 2001ರಲ್ಲಿ ಅಮೆರಿಕದ ಪ್ರಾಣಿ ವಿಷ ಸಹಾಯ ಕೇಂದ್ರದ ಪಶುವೈದ್ಯರು ದ್ರಾಕ್ಷಿ ತಿಂದು ಕಿಡ್ನಿ ಕೆಟ್ಟ ನಾಯಿಗಳ ಬಗ್ಗೆ ಬರೆದಾಗಿನಿಂದ ಇದು ಎಲ್ಲರ ಗಮನಕ್ಕೆ ಬಂತು. ಕಾರಣ ಏನು ಅಂತ ಎಷ್ಟೋ ವರ್ಷ ತಿಳಿದಿರಲಿಲ್ಲ. 2021ರಲ್ಲಿ ಅಲ್ಲಿನ ಪಶುವೈದ್ಯರೇ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಬೇಕಿಂಗ್‌ಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗೂ ಕಿಡ್ನಿ ಅದೇ ರೀತಿ ಕೆಟ್ಟಿತ್ತು. ದ್ರಾಕ್ಷಿಯಲ್ಲಿ ಈ ಆಮ್ಲ ಎಷ್ಟಿದೆ ಎನ್ನುವುದು ತಳಿ, ಮಣ್ಣು, ಹಣ್ಣು ಎಷ್ಟು ಮಾಗಿದೆ ಎನ್ನುವುದರ ಮೇಲೆ ಬದಲಾಗುತ್ತದೆ. ಅದಕ್ಕೇ ಒಂದು ನಾಯಿ ಗೊಂಚಲು ತಿಂದರೂ ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ತಿಂದು ಮಲಗಿಬಿಡುತ್ತದೆ. ಇಷ್ಟು ತಿಂದರೆ ತೊಂದರೆಯಿಲ್ಲ ಎನ್ನುವ ಅಳತೆಯೇ ಇಲ್ಲ. "ನಮ್ಮ ಊರಿನ ನಾಯಿ ದ್ರಾಕ್ಷಿ ತಿಂತಿತ್ತು, ಏನೂ ಆಗ್ಲಿಲ್ಲ ಮಾರಾಯ್ರೆ" ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ನಿಮ್ಮ ನಾಯಿಗೆ ಭರವಸೆ ಅಲ್ಲ.

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ದ್ರಾಕ್ಷಿಗಿಂತ ಎಷ್ಟೋ ಪಾಲು ಜಾಸ್ತಿ. ಹುಣಸೆ ತಿಂದ ನಾಯಿಗಳಲ್ಲೂ ಕಿಡ್ನಿ ಕೆಟ್ಟದ್ದು ವೈದ್ಯರ ವರದಿಗಳಲ್ಲಿದೆ. ಇದು ನಮಗೆ ದೊಡ್ಡ ವಿಷಯ, ಯಾಕೆಂದರೆ ದಿನಾ ಬೆಳಿಗ್ಗೆ ಸಾರಿಗೆ ಹುಳಿ ನೆನೆಸಿಟ್ಟ ಬಟ್ಟಲು ಅಡುಗೆಮನೆ ಕಟ್ಟೆಯ ಮೇಲೆ ಇಲ್ಲದ ಕನ್ನಡದ ಮನೆ ಯಾವುದು? ಹಿಂಡಿದ ಹಿಪ್ಪೆಯನ್ನು ಸಿಂಕ್ ಪಕ್ಕ ಇಡಬೇಡಿ. ನಾಯಿಗೆ ಸಾಂಬಾರು ಅನ್ನ ಕಲಸಿ ಹಾಕುವ ರೂಢಿ ಇದ್ದರೆ ಅದನ್ನೂ ನಿಲ್ಲಿಸಿ. ಅದರಲ್ಲಿ ಹುಳಿ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ.

ನಾಶಿಕ್ ದ್ರಾಕ್ಷಿ ಜನವರಿಯಿಂದ ಏಪ್ರಿಲ್‌ವರೆಗೆ ಕೈಗಾಡಿಯಲ್ಲಿ ಸಿಗುತ್ತದೆ. ಮಕ್ಕಳು ಟಿವಿ ಮುಂದೆ ಕೂತು ತಿನ್ನುತ್ತಾರೆ, ಎರಡು ಉರುಳಿ ಫ್ರಿಜ್ ಕೆಳಗೆ ಹೋಗುತ್ತವೆ. ದ್ರಾಕ್ಷಿ ತಿನ್ನುವುದು ಊಟದ ಮೇಜಿನ ಮೇಲೆ ಮಾತ್ರ ಅಂತ ಮನೆಯಲ್ಲಿ ಒಂದು ನಿಯಮ ಮಾಡಿ. ಗೊಂಚಲಿನಿಂದ ಬಿಡಿಸಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ಒಣದ್ರಾಕ್ಷಿ ಇನ್ನೂ ಕಷ್ಟ, ಅದು ಕಾಣುವುದಿಲ್ಲ. ನೀರು ಆರಿ ಎಲ್ಲ ಅಂಶ ಗಟ್ಟಿಯಾಗಿರುವುದರಿಂದ ಸ್ವಲ್ಪ ತಿಂದರೂ ಜಾಸ್ತಿ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ, ಶೀರಾ, ಪಾಯಸ, ಪಂಚಕಜ್ಜಾಯ, ಗಣಪತಿ ಹಬ್ಬದ ಮೋದಕದ ಹೂರಣ, ಬಿರಿಯಾನಿ, ಕ್ರಿಸ್‌ಮಸ್ ಪ್ಲಮ್ ಕೇಕ್, ದೀಪಾವಳಿಗೆ ಆಫೀಸಿನಿಂದ ಬರುವ ಡ್ರೈಫ್ರೂಟ್ಸ್ ಡಬ್ಬಿ, ಇವೆಲ್ಲದರಲ್ಲೂ ಇರಬಹುದು. ಗಣಪತಿ ಕೂರಿಸಿದ ದಿನ ಮನೆಗೆ ಐವತ್ತು ಜನ ಬರುತ್ತಾರೆ, ಯಾರೋ ಒಬ್ಬರು ಪ್ರೀತಿಯಿಂದ "ಇದಕ್ಕೂ ಪ್ರಸಾದ" ಅಂತ ಒಂದು ಉಂಡೆ ಹಾಕುತ್ತಾರೆ. ಅವರನ್ನು ತಪ್ಪು ಎಣಿಸುವ ಹಾಗಿಲ್ಲ. ಆ ದಿನ ನಾಯಿಯನ್ನು ಒಳಗಿನ ಕೋಣೆಯಲ್ಲಿಡಿ. ಅದಕ್ಕೂ ಪ್ರಸಾದ ಕೊಡಬೇಕು ಅನಿಸಿದರೆ ನೈವೇದ್ಯಕ್ಕಿಟ್ಟ ಬಾಳೆಹಣ್ಣಿನ ಒಂದು ತುಂಡು ನೀವೇ ಕೊಡಿ.

ಇನ್ನೊಂದು, ಕ್ಸೈಲಿಟಾಲ್. ಇದು ಹಣ್ಣಲ್ಲ, ಶುಗರ್ ಫ್ರೀ ಚ್ಯೂಯಿಂಗ್ ಗಮ್‌ನಲ್ಲಿ ಮತ್ತು ಕೆಲವು ಶುಗರ್ ಫ್ರೀ ಜಾಮ್, ಪೀನಟ್ ಬಟರ್‌ಗಳಲ್ಲಿ ಇರುವ ಸಿಹಿ. ಹಣ್ಣಿಗೆ ಪೀನಟ್ ಬಟರ್ ಹಚ್ಚಿ ಕೊಡುವ ವಿಡಿಯೋಗಳು ಈಗ ಬಹಳ ಓಡಾಡುತ್ತಿವೆ, ಅದಕ್ಕೆ ಹೇಳುತ್ತಿದ್ದೇನೆ. ಕ್ಸೈಲಿಟಾಲ್ ಹೊಟ್ಟೆಗೆ ಹೋದ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಪ್ರಾಣಕ್ಕೆ ಕುತ್ತಾಗುವಷ್ಟು ಇಳಿಯಬಹುದು, ಲಿವರ್ ಕೂಡ ಕೆಡಬಹುದು. ಬಾಟಲಿಯ ಹಿಂದೆ ಬರೆದದ್ದನ್ನು ಓದದೆ ಏನನ್ನೂ ಹಚ್ಚಬೇಡಿ.

ಮನೆಯವರಿಗೆ ಹೇಳುವುದು

ನೀವೊಬ್ಬರೇ ಹುಷಾರಾಗಿದ್ದರೆ ಸಾಲದು. ನಾಯಿಗೆ ಹಗಲೆಲ್ಲ ಜೊತೆಗಿರುವುದು ಹೆಚ್ಚಾಗಿ ಅಜ್ಜಿ, ಮಕ್ಕಳು, ಮನೆಗೆಲಸಕ್ಕೆ ಬರುವ ಬಾಯಿ, ಅಂದರೆ ಕೆಲಸದಾಕೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಅಜ್ಜಿಗೆ ಕನ್ನಡದಲ್ಲಿ ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆಹಣ್ಣು, ಈರುಳ್ಳಿ ಅಂತ ಬರೆಯಿರಿ. ಕೆಲಸದಾಕೆಗೆ ಮರಾಠಿಯಲ್ಲಿ ಬಾಯಿಮಾತಿನಲ್ಲೇ ಹೇಳಿ, ದ್ರಾಕ್ಷ, ಮನುಕೆ, ಚಿಂಚ, ಕಾಂದಾ, ಈ ನಾಲ್ಕು ಕೊಡಬೇಡ ಅಂತ. ಅಜ್ಜಿಗೆ ಏನೂ ಕೊಡಬೇಡಿ ಅಂದರೆ ಅವರು ಕೇಳುವುದಿಲ್ಲ, ಬೇಸರವೂ ಆಗುತ್ತದೆ. ಬೆಳಿಗ್ಗೆಯೇ ಆ ದಿನದ ಪಾಲಿನ ಹಣ್ಣು ಹೆಚ್ಚಿ ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು, "ಅಜ್ಜಿ, ಇದು ಅದಕ್ಕೆ, ನೀವೇ ಕೊಡಿ, ಇದು ಮುಗಿದ ಮೇಲೆ ಬೇರೆ ಬೇಡ" ಅಂತ ಹೇಳಿ. ಈ ಉಪಾಯ ಬಹಳ ಚೆನ್ನಾಗಿ ನಡೆಯುತ್ತದೆ. ಹೆಚ್ಚಿದ ಹಣ್ಣು ಮುಂಬೈಯ ಸೆಖೆಯಲ್ಲಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಎಸೆಯಿರಿ.

ಕಸದ ಬುಟ್ಟಿ ಕಾಲಿನಿಂದ ಒತ್ತಿ ತೆರೆಯುವಂಥದ್ದಾಗಿರಲಿ, ಇಲ್ಲವೇ ಸಿಂಕ್ ಕೆಳಗಿನ ಬಾಗಿಲೊಳಗೆ ಇರಲಿ. ಬೆಳಿಗ್ಗೆ ಕಸದವನು ಬರುವ ಮೊದಲು ಬಾಗಿಲ ಹೊರಗೆ ಚೀಲ ಇಡುವ ಅಭ್ಯಾಸ ಇದ್ದರೆ, ವಾಕಿಂಗ್ ಮುಗಿಸಿ ನಾಯಿ ಒಳಗೆ ಬಂದ ಮೇಲೆ ಇಡಿ.

ತಿಂದೇಬಿಟ್ಟರೆ

ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ, ಕ್ಸೈಲಿಟಾಲ್ ಯಾವುದು ಹೋಗಿದ್ದರೂ ನೋಡೋಣ ಅಂತ ಕಾಯಬೇಡಿ. ದ್ರಾಕ್ಷಿ ತಿಂದ ನಾಯಿ ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಮಾಡುತ್ತದೆ, ಮಂಕಾಗುತ್ತದೆ, ಊಟ ಬಿಡುತ್ತದೆ. ಕಿಡ್ನಿ ಕೆಡುವುದು ಒಂದರಿಂದ ಮೂರು ದಿನದೊಳಗೆ. ಮೂತ್ರ ಕಡಿಮೆಯಾಗಿ ನಿಂತುಹೋದ ಮೇಲೆ ಉಳಿಸುವುದು ಬಹಳ ಕಷ್ಟ. ತಿಂದ ಒಂದೆರಡು ಗಂಟೆಯೊಳಗೆ ಹೋದರೆ ಡಾಕ್ಟರ್ ವಾಂತಿ ಮಾಡಿಸಿ ತೆಗೆಯಬಹುದು, ನಂತರ ಎರಡು ದಿನ ಡ್ರಿಪ್ ಹಾಕಿ ಕಿಡ್ನಿ ತೊಳೆದ ಹಾಗೆ ಮಾಡುತ್ತಾರೆ. ಬೇಗ ಹೋದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ.

ಮನೆಯಲ್ಲಿ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ನಾಯಿಗೆ ವಿಷವಾಗುತ್ತದೆ. ಬಾಯಿಗೆ ಬೆರಳು ಹಾಕಬೇಡಿ, ಎಣ್ಣೆ, ಹಾಲು ಕುಡಿಸಬೇಡಿ. ಡಾಕ್ಟರ್ ಫೋನಿನಲ್ಲಿ ಹೇಳಿದ್ದನ್ನು ಮಾತ್ರ ಮಾಡಿ. ಅವರು ಕೇಳುವುದು ನಾಲ್ಕು: ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು. ಪ್ಯಾಕೆಟ್ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ವಾಂತಿ ಮಾಡಿದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಎಷ್ಟು ದ್ರಾಕ್ಷಿ ಹೊರಬಂತು ಅಂತ ಅವರಿಗೆ ಗೊತ್ತಾಗುತ್ತದೆ.

ಹೋಳು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿದರೆ ಬಾಯಿ ತೆರೆದು ನೋಡಿ. ಕಂಡರೆ ಮಾತ್ರ ಎಳೆದು ತೆಗೆಯಿರಿ, ಕಾಣದೆ ಬೆರಳು ತೂರಿಸಿದರೆ ಇನ್ನೂ ಒಳಗೆ ಹೋಗುತ್ತದೆ. ಚಿಕ್ಕ ನಾಯಿಯಾದರೆ ತೊಡೆಯ ಬಳಿ ಹಿಡಿದು ತಲೆ ಕೆಳಗೆ ಮಾಡಿ. ದೊಡ್ಡ ನಾಯಿಯಾದರೆ ಹಿಂದಿನಿಂದ ತಬ್ಬಿ, ಪಕ್ಕೆಲುಬು ಮುಗಿಯುವಲ್ಲಿ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ ಜೋರಾಗಿ ಒತ್ತಿ. ಹೊರಬಂದರೂ ಡಾಕ್ಟರಿಗೆ ತೋರಿಸಿ.

ಯಾವ ಆಸ್ಪತ್ರೆ ಅಂತ ಇವತ್ತೇ ಗೊತ್ತುಮಾಡಿಕೊಳ್ಳಿ. ಪರೇಲ್‌ನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಇದೆ, ಹಳೆಯ ಮುಂಬೈಯವರು ಬೈಲ್ ಘೋಡಾ ಹಾಸ್ಪಿಟಲ್ ಅನ್ನುತ್ತಾರೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಶುರುವಾಯಿತು. ಆದರೆ ಡೊಂಬಿವಲಿ, ಮೀರಾ ರೋಡ್, ನವಿ ಮುಂಬೈಯಲ್ಲಿ ಇರುವವರಿಗೆ ಸಂಜೆ ಟ್ರಾಫಿಕ್‌ನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಒಂದೆರಡು ಗಂಟೆ ಮುಗಿದೇ ಹೋಗಿರುತ್ತದೆ. ಹತ್ತಿರದ ಕ್ಲಿನಿಕ್‌ಗೆ ಫೋನ್ ಮಾಡಿ ರಾತ್ರಿ ತೆರೆದಿರುತ್ತದಾ, ಭಾನುವಾರ ಯಾರಿರುತ್ತಾರೆ, ವಾಂತಿ ಮಾಡಿಸುವ ಮತ್ತು ಡ್ರಿಪ್ ಹಾಕುವ ವ್ಯವಸ್ಥೆ ಇದೆಯಾ ಕೇಳಿ. ಆ ನಂಬರನ್ನು ಫ್ರಿಜ್ ಮೇಲಿನ ಚೀಟಿಯಲ್ಲೇ ಬರೆಯಿರಿ. ನಾಯಿಯನ್ನು ಕೂರಿಸಿಕೊಳ್ಳಲು ಒಪ್ಪುವ ರಿಕ್ಷಾದವರ ನಂಬರ್ ಕೂಡ ಇರಲಿ.

ಚಿಕಿತ್ಸೆ ಮುಗಿದು ನಾಯಿ ಮನೆಗೆ ಬಂದ ಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ರಕ್ತ ಪರೀಕ್ಷೆಗೆ ಮತ್ತೆ ಕರೆದುಕೊಂಡು ಹೋಗಿ. ಓಡಾಡುತ್ತಿದೆ, ಬಾಲ ಅಲ್ಲಾಡಿಸುತ್ತಿದೆ 'ಇನ್ಯಾಕೆ' ಅಂತ ತಪ್ಪಿಸಬೇಡಿ. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯೇಟಿನಿನ್ ನಾಯಿಯ ಮುಖದಲ್ಲಿ ಕಾಣುವುದಿಲ್ಲ. ಮನೆಗೆ ಬಂದ ಮೇಲಿನ ಮೂರು ದಿನ ಎಷ್ಟು ನೀರು ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು ಅಂತ ಬರೆದಿಡಿ. ಹಣ್ಣನ್ನು ಮತ್ತೆ ಶುರು ಮಾಡುವುದು ಡಾಕ್ಟರ್ ಹೂಂ ಅಂದ ಮೇಲೆ, ಅದೂ ಕಡಲೆಕಾಳಿನಷ್ಟು ಕಲ್ಲಂಗಡಿಯಿಂದ.